ಮರಳಿನ ಮೇಲಿನ ಅಕ್ಷರ

ಚೆನ್ನೈನ ಎಗ್ಮೋರಿನಲ್ಲಿ ರೈಲಿಳಿಯುವ ನಾವು, ಇಂಗ್ಲೆಂಡಿಗೊಂದು ಬೋಧನಾಕ್ರಮ ಹೋದದ್ದು ಇಲ್ಲಿಂದಲೇ ಎಂಬುದನ್ನು ನೆನೆಯುವುದು ಅಪರೂಪ. ಇಲ್ಲಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕ ಆಂಡ್ರೂ ಬೆಲ್, ಸ್ಥಳೀಯ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ಕಂಡರು. ತಮ್ಮ ಉಪಾಧ್ಯಾಯರು ಈ ಕ್ರಮಕ್ಕೆ ಒಗ್ಗದಿರಲು, ಎಂಟು ವರ್ಷದ ಜಾನ್ ಫ್ರಿಸ್ಕೆನ್‌ಗೇ ಕಿರಿಯರ ತರಗತಿ ಒಪ್ಪಿಸಿದರು. 1797ರಲ್ಲಿ ಈ ಪ್ರಯೋಗ ಲಂಡನ್ನಿನಲ್ಲಿ ಅಚ್ಚಾಯಿತು. 'ಮದ್ರಾಸ್ ಪದ್ಧತಿ' ಎಂಬ ಹೆಸರೂ ಬಂತು.

1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ ತಮ್ಮ ಜಿಲ್ಲೆಯಲ್ಲಿ 533 ಶಾಲೆಗಳನ್ನು ಲೆಕ್ಕಹಾಕಿದರು, ಕನ್ನಡದವು 235. ಹಿರಿಯ ಹುಡುಗ ಕಿರಿಯನಿಗೆ ಕಲಿಸುವ ರೀತಿಯನ್ನು ಮೆಚ್ಚಿದರು. ಆದರೆ ಮಕ್ಕಳು ಒಪ್ಪಿಸುವ ಪದ್ಯಗಳ ಅರ್ಥ ಅವರಿಗೇ ತಿಳಿಯದು, ಆ ಭಾಷೆ ಆಡುಮಾತಿಗೆ ದೂರ ಎಂದೂ ಬರೆದರು. ಹೆಮ್ಮೆಯ ಭರದಲ್ಲಿ ಈ ಎರಡನೆಯ ಮಾತನ್ನು ನಾವು ಬಿಟ್ಟುಬಿಡುತ್ತೇವೆ. ಹೊಸ್ತಿಲಾಚೆ ಕನ್ನಡ ಕಿವಿಗೆ ಬೀಳದ ನಮ್ಮ ಮಕ್ಕಳಿಗೆ ಭಾನುವಾರದ ತರಗತಿಯಲ್ಲಿ ಪದ್ಯ ಬಾಯಿಪಾಠ ಮಾಡಿಸುವಾಗ ಮಾತ್ರ ಅದು ಚುಚ್ಚುತ್ತದೆ.