ನೀರು ಬೀಸಿದ ಹಿಟ್ಟು

ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತು, ಹಾಡು ಹೇಳುತ್ತ ಬೀಸಿದ ನಮ್ಮ ಅಜ್ಜಿಯರಿಗೆ ಒಂದು ಸೇರು ಹಿಟ್ಟಿನ ಹಿಂದಿನ ದುಡಿಮೆ ಗೊತ್ತಿತ್ತು. ಬಂದವರಿಗೆಲ್ಲ ದಾಸೋಹ ನಡೆಸುವಲ್ಲಿ ಆ ದುಡಿಮೆ ಇನ್ನೆಷ್ಟಿರಬೇಕು! ಅದನ್ನು ನೀರಿಗೇ ವಹಿಸಿದ ಜಾಗ ನಮ್ಮ ಮಹಾರಾಷ್ಟ್ರದಲ್ಲೇ ಇದೆ: ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ಪನ್‌ಚಕ್ಕಿ.

ಸೂಫಿ ಸಂತ ಬಾಬಾ ಶಾಹ ಮುಸಾಫಿರರ ದರ್ಗಾದ ಆವರಣದಲ್ಲಿ ಈ ನೀರಿನ ಗಿರಣಿ ಕಟ್ಟಿ ಸುಮಾರು 300 ವರ್ಷಗಳಾದವು. ಊರಾಚೆಯ ಗುಡ್ಡದ ಬುಗ್ಗೆಯಿಂದ ನೀರು ಹಲವು ಕಿಲೋಮೀಟರ್ ನೆಲದಡಿಯಲ್ಲೇ ಹರಿದು ಬಂದು, ಎತ್ತರದಿಂದ ಧುಮುಕುತ್ತದೆ. ಆ ರಭಸಕ್ಕೆ ಕೆಳಗಿನ ಚಕ್ರ ತಿರುಗಿ, ಅದರೊಂದಿಗೆ ಮೇಲಿನ ಬೀಸುಕಲ್ಲೂ ತಿರುಗುತ್ತಿತ್ತು. ಯಾತ್ರಿಕರಿಗೂ ಸಂತರ ಶಿಷ್ಯರಿಗೂ ಇಲ್ಲಿಯ ಹಿಟ್ಟೇ ರೊಟ್ಟಿಯಾಗುತ್ತಿತ್ತು. ಎದುರಿನ ಕೊಳದ ತಳವೇ ಅದರ ಕೆಳಗಿನ ತಂಪಾದ ಸಭಾಂಗಣಕ್ಕೆ ಛಾವಣಿ!

ಪ್ರವಾಸಿಗರು ಕೊಳದ ಮುಂದೆ ಫೋಟೋ ತೆಗೆದು ಹೊರಡುತ್ತಾರೆ. ಆದರೆ ಗಿರಣಿಯ ಜೀವವಿರುವುದು ಕಣ್ಣಿಗೆ ಬೀಳದ ಆ ಕಾಲುವೆಯಲ್ಲಿ. ಅದು ಒಡೆದರೆ, ಬುಗ್ಗೆ ಬತ್ತಿದರೆ, ಗೋಡೆಗೆ ಎಷ್ಟು ಸುಣ್ಣ ಬಳಿದರೂ ಚಕ್ರ ತಿರುಗದು. ಪನ್‌ಚಕ್ಕಿ ಉಳಿಯಬೇಕಾದರೆ ಗುಡ್ಡ, ಬುಗ್ಗೆ, ಕಾಲುವೆ ಮೂರೂ ಉಳಿಯಬೇಕು.

ಗೆಳತಿಯರೇ, ಬಿಬವೇವಾಡಿಯಿಂದ ಎಲ್ಲೋರಾ, ಅಜಂತಾ ನೋಡಲು ಹೊರಟಾಗ ಇಲ್ಲಿಯೂ ಇಳಿಯಿರಿ. ಆ ನೀರು ಎಲ್ಲಿಂದ ಬರುತ್ತದೆಂದು ಮಕ್ಕಳಿಗೆ ಹೇಳಿ.