ವೈಕಿಂಗರ ನಾಡಿನ ಮಕ್ಕಳ ಹೆಸರುಗಳು: ಅರ್ಥವೇನು, ಇಡುವ ಮುನ್ನ ತಿಳಿದಿರಬೇಕಾದ್ದೇನು?

ಥಾರ್, ಫ್ರೇಯಾ, ರಾಗ್ನರ್, ಆಸ್ಟ್ರಿಡ್... ಸಿನಿಮಾ, ವೆಬ್ ಸರಣಿ, ವಿಡಿಯೋ ಗೇಮ್‌ಗಳಿಂದಾಗಿ ಈ ಹೆಸರುಗಳು ಈಗ ನಮ್ಮ ಮನೆಗಳಲ್ಲೂ ಕೇಳಿಬರುತ್ತವೆ. ಸುಮಾರು ಸಾವಿರ ವರ್ಷಗಳ ಹಿಂದೆ ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಮತ್ತು ಐಸ್‌ಲ್ಯಾಂಡ್‌ನ ಜನ ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯ ಹೆಸರುಗಳಿವು. ಇಂಟರ್‌ನೆಟ್‌ನಲ್ಲಿ ಇವುಗಳ ಪಟ್ಟಿಗೆ ಬರವಿಲ್ಲ. ಆದರೆ ಹೆಸರು ಹೇಗೆ ಹುಟ್ಟಿತು ಎಂದು ತಿಳಿಯದೆ ಬರೀ ಅರ್ಥ ಓದಿದರೆ ದಾರಿ ತಪ್ಪುವುದೇ ಹೆಚ್ಚು.

ಎರಡು ಪದ, ಒಂದು ಹೆಸರು

ಹೆಚ್ಚಿನ ನಾರ್ಸ್ ಹೆಸರುಗಳು ಎರಡು ಪದಗಳ ಜೋಡಣೆ. ಸಿಗುರ್ಡ್ ಎಂದರೆ ಗೆಲುವು ಮತ್ತು ಕಾವಲುಗಾರ. ಹೆಚ್ಚುಕಡಿಮೆ ನಮ್ಮ ಜಯಪಾಲ! ಆದರೆ ಎಲ್ಲ ಹೆಸರುಗಳೂ ಹೀಗೆ ಕೂಡಿ ಅರ್ಥ ಕೊಡುವುದಿಲ್ಲ. ಗುನ್‌ಹಿಲ್ಡ್ ಎಂಬ ಹೆಸರಿನ ಎರಡೂ ಭಾಗಕ್ಕೆ ಯುದ್ಧ ಎಂದೇ ಅರ್ಥ. ಇದಕ್ಕೆ ಕಾರಣವಿದೆ. ಮನೆತನದಲ್ಲಿ ಬಂದ ಪದಗಳನ್ನು ಜೋಡಿಸಿ ಮಗುವಿಗೆ ಹೆಸರು ಕಟ್ಟುವ ರೂಢಿ ಅಲ್ಲಿತ್ತು. ತೀರಿಹೋದ ಅಜ್ಜ, ಅಜ್ಜಿಯ ಹೆಸರನ್ನು ಹಾಗೆಯೇ ಇಡುವುದೂ ಇತ್ತು. ಹೆಸರಿನ ಅರ್ಥಕ್ಕಿಂತ ಅದು ಯಾರದ್ದು ಎಂಬುದೇ ಎಷ್ಟೋ ಸಲ ಮುಖ್ಯವಾಗಿತ್ತು.

ಗಂಡು ಮಕ್ಕಳ ಹೆಸರುಗಳು

* ಥಾರ್: ಗುಡುಗು. ಗುಡುಗಿನ ದೇವರು. ಇಂಗ್ಲಿಷಿನ ‘ಥರ್ಸ್‌ಡೇ’ ಬಂದದ್ದು ಇವನಿಂದ.
* ಥೋರ್‌ಸ್ಟೈನ್: ಥಾರ್ ಮತ್ತು ಕಲ್ಲು.
* ಬ್ಯೋರ್ನ್: ಕರಡಿ.
* ಉಲ್ಫ್: ತೋಳ.
* ಆರ್ನೆ: ಹದ್ದು.
* ಹರಾಲ್ಡ್: ಸೈನ್ಯ ಮತ್ತು ಒಡೆಯ. 10ನೇ ಶತಮಾನದ ಡೆನ್ಮಾರ್ಕ್ ದೊರೆ ಹರಾಲ್ಡ್‌ನ ಅಡ್ಡಹೆಸರೇ ಇಂದಿನ ‘ಬ್ಲೂಟೂತ್’. ಅದರ ಲಾಂಛನವೂ ಅವನ ಹೆಸರಿನ ಎರಡು ರೂನ್ ಅಕ್ಷರಗಳ ಜೋಡಣೆ.
* ಲೈಫ್: ವಾರಸುದಾರ. ಕ್ರಿ.ಶ. 1000ರ ಸುಮಾರಿಗೆ ಉತ್ತರ ಅಮೆರಿಕದ ತೀರ ತಲುಪಿದ ಲೈಫ್ ಎರಿಕ್ಸನ್ ಹೆಸರಿನಿಂದ ಪರಿಚಿತ.
* ಓಲಾಫ್: ಪೂರ್ವಜರ ವಾರಸುದಾರ.

ಹೆಣ್ಣು ಮಕ್ಕಳ ಹೆಸರುಗಳು

* ಫ್ರೇಯಾ: ಒಡತಿ. ಪ್ರೇಮದ ದೇವತೆ, ಬೆಕ್ಕುಗಳು ಎಳೆಯುವ ರಥ ಈಕೆಯದು.
* ಆಸ್ಟ್ರಿಡ್: ದೇವರು ಮತ್ತು ಚೆಲುವು.
* ಸಿಗ್ರಿಡ್: ಗೆಲುವು ಮತ್ತು ಚೆಲುವು.
* ಡಾಗ್ನಿ: ಹೊಸ ಹಗಲು.
* ಇದುನ್: ದೇವತೆಗಳನ್ನು ಸದಾ ಯೌವನದಲ್ಲಿಡುವ ಸೇಬುಗಳ ಒಡತಿ.
* ರೂನಾ: ಗುಟ್ಟು.
* ಹೆಲ್ಗಾ: ಪವಿತ್ರಳು. ವೈಕಿಂಗರ ಜೊತೆ ರಷ್ಯಾದತ್ತ ಹೋದ ಈ ಹೆಸರೇ ಅಲ್ಲಿ ಓಲ್ಗಾ ಆಯಿತು.

ಪಟ್ಟಿ ನೋಡುವಾಗ ಎಚ್ಚರ

ಲಿವ್ ಎಂದರೆ ಜೀವನ ಎಂದು ಪಟ್ಟಿಗಳು ಹೇಳುತ್ತವೆ. ಇಂದಿನ ನಾರ್ವೇಜಿಯನ್ ಭಾಷೆಯಲ್ಲಿ ಅದು ನಿಜ. ಆದರೆ ಹೆಸರಿನ ಹಳೆಯ ಮೂಲ ‘ರಕ್ಷಣೆ’ ಎಂಬ ಅರ್ಥದ ಪದ. ಮ್ಯಾಗ್ನಸ್ ಅಪ್ಪಟ ವೈಕಿಂಗ್ ಹೆಸರಿನಂತೆ ಕೇಳಿಸಿದರೂ ‘ದೊಡ್ಡವನು’ ಎಂಬರ್ಥದ ಲ್ಯಾಟಿನ್ ಪದ. 11ನೇ ಶತಮಾನದಲ್ಲಿ ನಾರ್ವೆಯ ದೊರೆಯೊಬ್ಬನಿಗೆ ಈ ಹೆಸರಿಟ್ಟ ಮೇಲೆ ಅದು ಅಲ್ಲಿಯದೇ ಆಗಿಬಿಟ್ಟಿತು. 2013ರಲ್ಲಿ ಚೆನ್ನೈಯಲ್ಲಿ ವಿಶ್ವನಾಥನ್ ಆನಂದ್ ಅವರನ್ನು ಸೋಲಿಸಿ ವಿಶ್ವ ಚೆಸ್ ಕಿರೀಟ ಗೆದ್ದ ಮ್ಯಾಗ್ನಸ್ ಕಾರ್ಲ್‌ಸನ್ ನಾರ್ವೆಯವರೇ.

ಅಪ್ಪನ ಹೆಸರೇ ಕೊನೆಯ ಹೆಸರು

ಐಸ್‌ಲ್ಯಾಂಡ್‌ನಲ್ಲಿ ಇಂದಿಗೂ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ತಂದೆಯ ಅಥವಾ ತಾಯಿಯ ಹೆಸರಿಗೆ ಮಗನಾದರೆ ‘ಸನ್’, ಮಗಳಾದರೆ ‘ಡೋಟಿರ್’ ಸೇರಿಸುತ್ತಾರೆ. ಹೀಗಾಗಿ ಒಂದೇ ಮನೆಯ ಅಣ್ಣ ತಂಗಿಯರ ಕೊನೆಯ ಹೆಸರು ಬೇರೆ ಬೇರೆ. ಟೆಲಿಫೋನ್ ಡೈರೆಕ್ಟರಿಯಲ್ಲೂ ಮೊದಲ ಹೆಸರಿನ ಪ್ರಕಾರವೇ ಹುಡುಕಬೇಕು. ಅಪ್ಪನ ಹೆಸರನ್ನೇ ಇನಿಷಿಯಲ್ ಮಾಡಿಕೊಂಡು, ಪಾಸ್‌ಪೋರ್ಟ್ ಅರ್ಜಿಯ ‘ಸರ್‌ನೇಮ್’ ಕಾಲಂ ಮುಂದೆ ತಲೆ ಕೆರೆದುಕೊಳ್ಳುವ ದಕ್ಷಿಣ ಭಾರತೀಯರಿಗೆ ಇದು ಅಷ್ಟೇನೂ ವಿಚಿತ್ರ ಎನಿಸಲಿಕ್ಕಿಲ್ಲ.

ಹೆಸರಿಗಾಗಿ ಕೋರ್ಟ್ ಮೆಟ್ಟಿಲು

ಐಸ್‌ಲ್ಯಾಂಡ್‌ನಲ್ಲಿ ಹೊಸ ಹೆಸರಿಗೆ ಸರ್ಕಾರದ ಹೆಸರು ಸಮಿತಿಯ ಒಪ್ಪಿಗೆ ಬೇಕು. ಹೆಸರು ಆ ಭಾಷೆಯ ವ್ಯಾಕರಣಕ್ಕೆ ಹೊಂದಬೇಕು. ‘ತಂಗಾಳಿ’ ಎಂಬ ಅರ್ಥದ ಬ್ಲೈರ್ ಎಂಬ ಹೆಸರನ್ನು ತಾಯಿ ಮಗಳಿಗೆ ಇಟ್ಟಾಗ, ಅದು ಪುಲ್ಲಿಂಗ ಪದ ಎಂದು ಅನುಮತಿ ಸಿಗಲಿಲ್ಲ. ಸರ್ಕಾರಿ ದಾಖಲೆಗಳಲ್ಲಿ ಆಕೆಯ ಹೆಸರು ಬರೀ ‘ಹುಡುಗಿ’ ಎಂದೇ ಉಳಿಯಿತು. 15ರ ವಯಸ್ಸಿನಲ್ಲಿ, 2013ರ ಜನವರಿಯಲ್ಲಿ ರೇಕ್ಯಾವಿಕ್ ನ್ಯಾಯಾಲಯ ಆ ಹೆಸರು ಆಕೆಯದೇ ಎಂದು ತೀರ್ಪು ನೀಡಿತು. 2019ರ ಕಾನೂನು ಹೆಸರುಗಳಿಗಿದ್ದ ಗಂಡು-ಹೆಣ್ಣಿನ ನಿರ್ಬಂಧವನ್ನೇ ತೆಗೆದುಹಾಕಿತು.

ನಿಮ್ಮ ಮಗುವಿಗೆ ಇಂಥ ಹೆಸರು ಇಷ್ಟವಾದರೆ ಮೊದಲು ಅದರ ಎರಡೂ ಭಾಗಗಳ ಅರ್ಥ ನೋಡಿ. ಹಿಲ್ಡ್, ಗುನ್ ಇದ್ದರೆ ಅದು ಯುದ್ಧದ ಹೆಸರು ಎಂಬುದು ನೆನಪಿರಲಿ. ಜನನ ಪ್ರಮಾಣಪತ್ರಕ್ಕೆ ಕೊಡುವ ಮುನ್ನ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದನ್ನೇ ಗಟ್ಟಿ ಮಾಡಿಕೊಳ್ಳಿ. ಕೊನೆಯದಾಗಿ, ಮನೆಯ ಅಜ್ಜಿಗೆ ಆ ಹೆಸರು ಹಿಡಿದು ಸಲೀಸಾಗಿ ಕೂಗಲು ಬರುತ್ತದೆಯೇ ಎಂದು ಒಮ್ಮೆ ಕೇಳಿ ನೋಡಿ.