ರೋಹಿತರೇಖೆಯಿಂದ ಅಣುವಿನ ಶಕ್ತಿಮೇಲ್ಮೈಗೆ: ಕರ್ನಾಟಕದ ಸಂಶೋಧನೆಯ ಒಂದು ಎಳೆ

ಕರ್ನಾಟಕದ ವಿಜ್ಞಾನ ಚರಿತ್ರೆಯಲ್ಲಿ ರೋಹಿತಶಾಸ್ತ್ರದ ಪ್ರಸ್ತಾಪವನ್ನು ಸರ್ ಸಿ. ವಿ. ರಾಮನ್ ಅವರಿಂದ ಆರಂಭಿಸಿ ಅವರಲ್ಲಿಯೇ ಮುಗಿಸುವುದು ವಾಡಿಕೆ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದುದು ಮಹತ್ವದ ಘಟನೆಯೇ ಸರಿ. ಆದರೆ ಬೆಳಕಿನ ರೇಖೆಗಳಿಂದ ಕಣ್ಣಿಗೆ ಕಾಣದ ರಚನೆಯನ್ನು ಅರಿಯುವ ವಿದ್ಯೆಗೆ ಇಲ್ಲಿ ಒಂದಕ್ಕಿಂತ ಹೆಚ್ಚು ನೆಲೆಗಳಿದ್ದವು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬಿ. ವೆಂಕಟೇಶಾಚಾರ್ ಮತ್ತು ಎಲ್. ಸಿಬಯ್ಯ ಅವರು 1935ರಲ್ಲಿ ಇರಿಡಿಯಮ್ ರೇಖೆಗಳ ಅತಿಸೂಕ್ಷ್ಮ ರಚನೆಯನ್ನು ಪರಿಶೀಲಿಸಿ, ಆ ಲೋಹಕ್ಕೆ 191 ಮತ್ತು 193 ರಾಶಿಸಂಖ್ಯೆಯ ಎರಡು ಸಮಸ್ಥಾನಿಗಳಿವೆಯೆಂದು ತೋರಿಸಿದರು. ಇದು ಪರಮಾಣುವಿಗೆ ಸಂಬಂಧಿಸಿದ ಶೋಧ.

ಅಣುವಿನ ಸಮಸ್ಯೆ ಇನ್ನೂ ಜಟಿಲವಾದುದು. ಪರಮಾಣುಗಳ ನಡುವಣ ಅಂತರ ಬದಲಾದಂತೆ ಅಣುವಿನ ಪ್ರಚ್ಛನ್ನ ಶಕ್ತಿಯೂ ಬದಲಾಗುತ್ತದೆ. ಎರಡು ಪರಮಾಣುಗಳಿದ್ದಲ್ಲಿ ಇದು ಒಂದು ವಕ್ರರೇಖೆ. ಹೆಚ್ಚಿದ್ದಲ್ಲಿ ಹಲವು ಆಯಾಮಗಳ ಮೇಲ್ಮೈ. ನೀರಿನ ಅಣುವಿಗೆ 3 ಆಯಾಮಗಳಾದರೆ ಬೆಂಜೀನಿಗೆ 30. ಈ ಮೇಲ್ಮೈಯನ್ನು ನೇರವಾಗಿ ಅಳೆಯಲಾಗದು, ರೋಹಿತದಿಂದ ಊಹಿಸಬೇಕು. ಹೈಡ್ರೋಜನ್ ಕ್ಲೋರೈಡಿನ ಮೊದಲ ಕಂಪನ ಪಟ್ಟಿ ಸೆಂಟಿಮೀಟರಿಗೆ 2886 ಅಲೆಗಳಲ್ಲಿದೆ. ಶಕ್ತಿಮಟ್ಟಗಳ ಅಂತರ ಸಮವಾಗಿದ್ದರೆ ಎರಡನೆಯದು 5772ರಲ್ಲಿ ಇರಬೇಕಿತ್ತು, ಇರುವುದು 5668ರಲ್ಲಿ. ಆ 104ರ ಕೊರತೆಯೇ ವಕ್ರರೇಖೆಯ ನಿಜವಾದ ಆಕಾರವನ್ನು ಸೂಚಿಸುತ್ತದೆ.

ಈ ಬಗೆಯ ಅಧ್ಯಯನಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ನೆಲೆಯಾಯಿತು. ಅಲ್ಲಿನ ಭೌತಶಾಸ್ತ್ರ ವಿಭಾಗದಲ್ಲಿ ಎನ್. ಆರ್. ತಾವಡೆ ಮತ್ತು ಅವರ ಸಹೋದ್ಯೋಗಿಗಳು 1960ರ ದಶಕದಲ್ಲಿ ದ್ವಿಪರಮಾಣು ಅಣುಗಳ ಪಟ್ಟಿಗಳ ತೀವ್ರತೆ ಹಾಗೂ ಫ್ರಾಂಕ್-ಕಾಂಡನ್ ಗುಣಾಂಕಗಳನ್ನು ಕುರಿತು ಕೆಲಸಮಾಡಿದರು. ಪಟ್ಟಿಗಳ ಸ್ಥಾನದಿಂದ ವಕ್ರರೇಖೆ ದೊರೆತರೆ, ಅವುಗಳ ತೀವ್ರತೆಯಿಂದ ಅದರ ಪರೀಕ್ಷೆ ಸಾಧ್ಯವಾಗುತ್ತದೆ. ಇತ್ತ ಬೆಂಗಳೂರಿನಲ್ಲಿ, 1959ರಲ್ಲಿ ವಿಜ್ಞಾನ ಸಂಸ್ಥೆಯನ್ನು ಸೇರಿದ ಸಿ. ಎನ್. ಆರ್. ರಾವ್ ಅವರು ನೇರಳಾತೀತ ರೋಹಿತ (1961) ಮತ್ತು ಅವಕೆಂಪು ರೋಹಿತ (1963) ಕುರಿತ ಗ್ರಂಥಗಳ ಮೂಲಕ ಈ ವಿದ್ಯೆಯನ್ನು ರಸಾಯನಶಾಸ್ತ್ರಜ್ಞರ ಕೈಗೆ ಕೊಟ್ಟರು.

ಇದೇ ಎಳೆ ನಮ್ಮ ಶತಮಾನಕ್ಕೂ ಬಂದಿದೆ. ವಿಜ್ಞಾನ ಸಂಸ್ಥೆಯ ಇ. ಅರುಣನ್ ಅವರು 2011ರಲ್ಲಿ ಪ್ರಕಟವಾದ ಹೈಡ್ರೋಜನ್ ಬಂಧದ ಅಂತರರಾಷ್ಟ್ರೀಯ ವ್ಯಾಖ್ಯೆಯನ್ನು ರೂಪಿಸಿದ ತಂಡದ ನೇತೃತ್ವ ವಹಿಸಿದ್ದರು. ಘನರೂಪದ ಹೈಡ್ರೋಜನ್ ಸಲ್ಫೈಡಿನಲ್ಲಿ ಪ್ರತಿ ಅಣುವಿಗೂ 12 ನೆರೆಯಣುಗಳಿರುವುದರಿಂದ ಅಲ್ಲಿ ಅಂಥ ಬಂಧವಿಲ್ಲವೆಂದು ಪಾಲಿಂಗ್ ಭಾವಿಸಿದ್ದರು. ಆದರೆ ಆ ವಸ್ತುವಿನ ಎರಡು ಅಣುಗಳಷ್ಟೇ ಸೇರಿದಾಗ ಬಂಧ ಏರ್ಪಡುವುದನ್ನು ಅರುಣನ್ ಮತ್ತು ಸಹಸಂಶೋಧಕರು 2018ರಲ್ಲಿ ಸೂಕ್ಷ್ಮತರಂಗ ರೋಹಿತದಿಂದ ದೃಢಪಡಿಸಿದರು.

ಚನ್ನರಾಯಪಟ್ಟಣದಂಥ ತಾಲ್ಲೂಕು ಕೇಂದ್ರದಲ್ಲಿ ಪದವಿ ತರಗತಿಯ ವಿದ್ಯಾರ್ಥಿ ಫ್ರಾಂಕ್-ಕಾಂಡನ್ ತತ್ತ್ವವನ್ನು ಓದುವಾಗ, ಅದರ ಲೆಕ್ಕಾಚಾರ ಧಾರವಾಡದಲ್ಲಿಯೂ ನಡೆದಿತ್ತೆಂಬುದು ಅವನಿಗೆ ತಿಳಿಯಬೇಕು. ಇಂಗ್ಲಿಷ್ ನಿಯತಕಾಲಿಕೆಗಳಲ್ಲಿ ಚದುರಿರುವ ಆ ಲೇಖನಗಳನ್ನು ಒಂದೆಡೆ ತಂದು ಕನ್ನಡದಲ್ಲಿ ಸೂಚಿ ಸಿದ್ಧಪಡಿಸುವ ಕಾರ್ಯವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೊಳ್ಳಬೇಕಾಗಿದೆ.